ತಳುಕಿನ ಪುಸ್ತಕಗಳಿಗೆ ಬೀಗ

ತ.ರಾ.ಸು. ಅವರ ಕಾದಂಬರಿ ‘ದುರ್ಗಾಸ್ತಮಾನ’ದ ಅಚ್ಚಿನ ಪ್ರತಿಯೊಂದು ಹಿರಿಯೂರಿನ ಅತ್ತೆ ಮನೆಯಿಂದ ಹೊಳಲ್ಕೆರೆಗೆ, ಅಲ್ಲಿಂದ ಹೊಸದುರ್ಗದ ಗೆಳೆಯರ ಕೈಗೆ ಹೋಗಬಹುದು. ರಟ್ಟು ಕಿತ್ತುಬಂದರೂ ಓದಲು ಅಡ್ಡಿಯಿಲ್ಲ. ಹಣ ಕೊಟ್ಟು ಕೊಂಡ ಇ-ಪುಸ್ತಕಕ್ಕೆ ಆ ಸಲಿಗೆ ಇಲ್ಲ. ಹಳೆಯ ಮೊಬೈಲ್ ಕೆಟ್ಟಾಗ ನಾನು ಕೊಂಡಿದ್ದ ಒಂದು ಕಾದಂಬರಿಯ ಫೈಲನ್ನು ಹೊಸದಕ್ಕೆ ಹಾಕಿಕೊಂಡೆ. ಫೈಲೇನೋ ಬಂತು, ಪುಸ್ತಕ ತೆರೆಯಲಿಲ್ಲ.

ಇಂಥ ಇ-ಪುಸ್ತಕದ ಫೈಲ್ ಮಾದರಿಯಾದ ಇಪಬ್ ಎಂಬುದು ಒಂದು ಗಂಟು. ಬಿಚ್ಚಿದರೆ ವೆಬ್‌ಪುಟಗಳಂಥ ಅಧ್ಯಾಯಗಳು, ಚಿತ್ರಗಳು, ಯಾವುದರ ನಂತರ ಯಾವುದು ಎಂಬ ಪಟ್ಟಿ. ಪಿಡಿಎಫ್‌ನ ಪುಟ ಅಚ್ಚಾದಂತೆ ನಿಂತಿರುತ್ತದೆ; ಇಪಬ್‌ನಲ್ಲಿ ಅಕ್ಷರ ಹಿಗ್ಗಿಸಿದರೆ ಸಾಲುಗಳು ಪರದೆಗೆ ತಾವೇ ಹೊಂದಿಕೊಳ್ಳುತ್ತವೆ. 2007ರಿಂದ ಬಳಕೆಯಲ್ಲಿರುವ ಈ ಮಾದರಿ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಆದರೂ ಒಂದು ಅಂಗಡಿಯ ಇಪಬ್ ಇನ್ನೊಂದರ ಆ್ಯಪ್‌ನಲ್ಲಿ ತೆರೆಯದೇ ಹೋಗಬಹುದು. ಅಧ್ಯಾಯಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಯನ್ನು ನಮ್ಮ ಖಾತೆಗೋ ಸಾಧನಕ್ಕೋ ಕಟ್ಟಿರುತ್ತಾರೆ. ಇದೇ ಡಿಆರ್‌ಎಂ ಎಂಬ ಬೀಗ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಓದುಗರಿಗೆ ಹಣ ಮರಳಿತು, ಪುಸ್ತಕಗಳು ಕೈತಪ್ಪಿದವು.

ಕನ್ನಡಕ್ಕೆ ಇದಕ್ಕೂ ಮೊದಲಿನ ತೊಡಕೊಂದಿದೆ. ಯುನಿಕೋಡ್‌ನಲ್ಲಿ ‘ಕ್ಷ’ ಎಂದರೆ ಕ, ಹಲಂತ, ಷ ಎಂಬ ಮೂರು ಸಂಕೇತ. ಕೂಡಿಸಿ ಒಂದಾಗಿ ತೋರಿಸುವುದು ಸಾಧನದ ಕೆಲಸ. ಅದು ಬಾರದ ಕಡೆ ಒತ್ತಕ್ಷರಗಳು ಚೆದುರುತ್ತವೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪುಸ್ತಕವನ್ನಂತೂ ಮೊದಲು ಯುನಿಕೋಡ್‌ಗೆ ಬದಲಿಸಲೇಬೇಕು. 2016ರಲ್ಲಿ ಅಮೆಜಾನ್ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಕೊರತೆಯನ್ನು ಮೈಲ್ಯಾಂಗ್‌ನಂಥ ನಮ್ಮವರದೇ ಆ್ಯಪ್‌ಗಳು ತುಂಬುತ್ತಿವೆ.

ನನ್ನನ್ನು ಹೆಚ್ಚು ಕಾಡುವುದು ಕಾಲದ ಲೆಕ್ಕ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಒಂದೇ ಮನೆತನದ ಇಬ್ಬರು ಲೇಖಕರನ್ನು ನೋಡಿ. ಟಿ.ಎಸ್. ವೆಂಕಣ್ಣಯ್ಯನವರು 1939ರಲ್ಲಿ ಹೋದರು. ಅವರ ಬರಹ ಈಗಾಗಲೇ ಎಲ್ಲರದು. ತ.ರಾ.ಸು. ಹೋದದ್ದು 1984ರಲ್ಲಿ, ‘ದುರ್ಗಾಸ್ತಮಾನ’ 2045ರ ಜನವರಿ 1ರಂದು ಎಲ್ಲರದಾಗುತ್ತದೆ. ಅಲ್ಲಿಯವರೆಗೆ ಹಕ್ಕುದಾರರಿಗೆ ಸಂಭಾವನೆ ಸಲ್ಲಲೇಬೇಕು. ಆದರೆ ಬೀಗಕ್ಕೆ ಆ ತಾರೀಖು ಗೊತ್ತಾಗುವುದಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅಂಧ ಓದುಗರಿಗಾಗಿ ಪುಸ್ತಕದ ರೂಪ ಬದಲಿಸಲು ಅವಕಾಶ ಕೊಟ್ಟಿದೆ. ಬೀಗ ಹಾಕಿದ ಫೈಲಿನಲ್ಲಿ ಆ ಅವಕಾಶವನ್ನು ಬಳಸುವುದೇ ಕಷ್ಟ.

ಬೀಗದ ಬದಲು ಕೊಂಡವರ ಹೆಸರನ್ನೇ ಪ್ರತಿಯೊಳಗೆ ಗುರುತಾಗಿ ಸೇರಿಸುವ ಪ್ರಕಾಶಕರಿದ್ದಾರೆ. ನಮ್ಮ ಪ್ರಕಾಶಕರೂ ಅದನ್ನು ಮಾಡಲಿ. ಜೊತೆಗೆ ‘ದುರ್ಗಾಸ್ತಮಾನ’ದ ಬೀಗವಿಲ್ಲದ ಒಂದು ಯುನಿಕೋಡ್ ಪ್ರತಿಯನ್ನು ಚಿತ್ರದುರ್ಗದ ಗ್ರಂಥಾಲಯದಲ್ಲಿ 2045ಕ್ಕೆಂದು ಈಗಲೇ ತೆಗೆದಿಡಲಿ.