ಮುಂದೆ ಯಾವ ಕಾದಂಬರಿ?

ಟಪಾಲಿನಲ್ಲಿ ಬಂದ ಪುಸ್ತಕದ ಕಟ್ಟನ್ನು ಬಿಚ್ಚುವುದಕ್ಕೂ ಒಂದು ರೀತಿಯುಂಟು. ದಾರವನ್ನು ಕತ್ತರಿಸಕೂಡದು; ಗಂಟು ಬಿಡಿಸಿ ಸುತ್ತಿಡಬೇಕು. ಕಂದು ಕಾಗದವನ್ನು ಹರಿಯಕೂಡದು. ಅದೇ ಕಾಗದ ಒಳಗಿನ ಹೊಸ ಕಾದಂಬರಿಗೆ ಹೊದಿಕೆಯಾಗಬೇಕು. ಬೈಲಹೊಂಗಲದ ನಮ್ಮ ಮನೆಯಲ್ಲಿ ಈ ಕೆಲಸ ಕಾಕಾನದು. ಅವನು ಹತ್ತಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಉಳಿದ ವಿಷಯಗಳಲ್ಲೆಲ್ಲ ಅವಸರದ ಮನುಷ್ಯನಾದ ಕಾಕಾ ಆ ಗಂಟಿನ ಮುಂದೆ ಮಾತ್ರ ಋಷಿಯ ತಾಳ್ಮೆ ತೋರುತ್ತಿದ್ದ. ಸುತ್ತ ನಿಂತ ನಮಗೆ ತಾಳ್ಮೆ ಎಲ್ಲಿಂದ ಬರಬೇಕು? ಒಳಗಿರುವುದು ಯಾರ ಪುಸ್ತಕ, ಎಷ್ಟು ದೊಡ್ಡದು, ಮೊದಲು ಯಾರ ಕೈಗೆ ಹೋಗುತ್ತದೆ, ಎಂಬ ಮೂರು ಪ್ರಶ್ನೆಗಳು ನಮ್ಮ ಎದೆಯಲ್ಲಿ ಕುದಿಯುತ್ತಿದ್ದವು.

ನಾನು ಹೇಳುತ್ತಿರುವುದು 1960ರ ದಶಕದ ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳಿಗೆ ಆಗ ರೈಲಿರಲಿಲ್ಲ, ಇಂದಿಗೂ ಇಲ್ಲ. ಹೊಸ ಪುಸ್ತಕ ಬೇಕೆಂದರೆ ಎರಡೇ ದಾರಿ. ಬಸ್ಸು ಹತ್ತಿ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು, ಇಲ್ಲವೆ ಟಪಾಲಿನವನ ದಾರಿ ಕಾಯಬೇಕು. ಕಿತ್ತೂರಿನವರಿಗೆ ಧಾರವಾಡ 30 ಕಿಲೋಮೀಟರಿನ ಆಚೀಚೆ, ಹೆದ್ದಾರಿಯ ಮೇಲೆಯೇ ಇದೆ, ಅವರು ಭಾಗ್ಯವಂತರು. ರಾಮದುರ್ಗದವರಿಗೆ ಮಾತ್ರ ಎಲ್ಲವೂ ದೂರ. ಆ ಊರು 1948ರವರೆಗೆ ಬೇರೆ ಸಂಸ್ಥಾನವಾಗಿತ್ತೆಂಬುದನ್ನು ಅಲ್ಲಿಯ ಹಿರಿಯರು ಆಗಲೂ ಮರೆತಿರಲಿಲ್ಲ. ಪುಸ್ತಕ ತಡವಾಗಿ ಬಂದರೆ ಅದಕ್ಕೂ ಸಂಸ್ಥಾನದ ಕಾಲದ ಕಾರಣವನ್ನೇ ಹೇಳುತ್ತಿದ್ದರು!

ನಮ್ಮ ಮನೆಗೆ ಬರುತ್ತಿದ್ದುದು ಧಾರವಾಡದ ಮನೋಹರ ಗ್ರಂಥಮಾಲೆಯ ಕಟ್ಟು. 'ಜಡಭರತ' ಎಂಬ ಹೆಸರಿನಿಂದ ನಾಟಕಗಳನ್ನು ಬರೆದ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮಾಲೆಯಿದು. ಸುಭಾಷ ರಸ್ತೆಯಲ್ಲಿರುವ ಅದರ 'ಅಟ್ಟ'ವನ್ನು ಹತ್ತಿಳಿಯದ ಸಾಹಿತಿ ಆ ಸೀಮೆಯಲ್ಲಿ ವಿರಳ. ಮಾಲೆಯ ವ್ಯವಸ್ಥೆ ಸರಳವಾದುದು. ವಾಚಕನು ವರ್ಷದ ವರ್ಗಣಿಯನ್ನು ಮುಂಗಡವಾಗಿ ಕಳಿಸಬೇಕು. ವರ್ಷದೊಳಗೆ ಮಾಲೆಯ ಪುಸ್ತಕಗಳು ಮನೆಗೆ ಬರುತ್ತವೆ. ಕೇಳುವುದಕ್ಕೆ ಇದು ಸಣ್ಣ ವ್ಯವಹಾರ. ಆದರೆ ಸ್ವಲ್ಪ ವಿಚಾರಿಸಿ ನೋಡಿರಿ: ಇನ್ನೂ ಅಚ್ಚಾಗದ, ಬಹುಶಃ ಇನ್ನೂ ಬರೆದು ಮುಗಿಯದ ಪುಸ್ತಕಕ್ಕೆ ಅಡತಿ ಅಂಗಡಿಯ ಕಾರಕೂನನೊಬ್ಬ ತನ್ನ ಪಗಾರದಿಂದ ಹಣ ಕಳಿಸುತ್ತಿದ್ದಾನೆ. ಪ್ರಕಾಶಕನಿಗೆ ಕಾಗದ ಕೊಳ್ಳುವ ಧೈರ್ಯ ಬರುವುದು ಅಲ್ಲಿಂದ. ಲೇಖಕನಿಗೆ ತನ್ನನ್ನು ಓದುವವರಿದ್ದಾರೆಂಬ ನೆಚ್ಚಿಕೆ ಬರುವುದೂ ಅಲ್ಲಿಂದಲೇ.

ಇದರ ಬೆಲೆ ತಿಳಿಯಬೇಕಾದರೆ ಒಂದು ತಲೆಮಾರು ಹಿಂದಕ್ಕೆ ಹೋಗಬೇಕು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಕಲಿತವರ ಮನೆಗಳಲ್ಲಿ ಮರಾಠಿ ಕಾದಂಬರಿಗಳದೇ ದೊಡ್ಡಸ್ತಿಕೆ. ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಲೇಖಕನೇ ಹೊತ್ತು ತಂದ ಪುಸ್ತಕವನ್ನು ಬೇಡವೆನ್ನಲು ಎಷ್ಟು ಜನರಿಗೆ ಮನಸ್ಸು ಬಂದೀತು? ಆದರೂ ಅಂದವರು ಇದ್ದೇ ಇರಬೇಕು. ಆ ಗಂಟು ತಲೆಯಿಂದಿಳಿದು ಟಪಾಲು ಚೀಲದೊಳಗೆ ಸೇರಿದುದೇ ನಮ್ಮ ಭಾಗದ ಕಾದಂಬರಿಯ ಇತಿಹಾಸದಲ್ಲಿ ದೊಡ್ಡ ಸಂಗತಿಯೆಂದು ನನ್ನ ತಿಳಿವಳಿಕೆ.

ಇರಲಿ, ಕಟ್ಟು ಬಿಚ್ಚಿತು. ಈಗ ಮನೆಯಲ್ಲಿ ಜಗಳ.

"ವೈನಿ, ಇನ್ನ ಎಷ್ಟು ಹಾಳಿ ಉಳದಾವ್ರೀ?" ಎಂದು ಕಾಕಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುವನು.

"ಈಗರೆ ಕೈಯಾಗ ಹಿಡದೀನಿ, ತಡೀರಿ. ನಿಮಗ ಚಹಾ ಬೇಕೋ, ಕಾದಂಬರಿ ಬೇಕೋ? ಎರಡೂ ಒಮ್ಮೆಗೇ ಸಿಗೂದಿಲ್ಲ" ಎಂದು ಅವ್ವ ಒಲೆಯ ಮುಂದಿನಿಂದಲೇ ಉತ್ತರಿಸುವಳು.

ವರ್ಗಣಿ ಕಳಿಸಿದವನು ಕಾಕಾ. ಮೊದಲು ಓದಿ ಮುಗಿಸುವವಳು ಅವ್ವ. ಈ ಅನ್ಯಾಯ ವರುಷಗಟ್ಟಲೆ ನಡೆಯಿತು.

ಮನೆಯಲ್ಲಿ ಎಲ್ಲರೂ ಓದಿದ ಮೇಲೆ ಪುಸ್ತಕದ ಸಂಚಾರ ಆರಂಭವಾಗುತ್ತಿತ್ತು. ಸವದತ್ತಿಯಲ್ಲಿ ನಮ್ಮ ಸೋದರತ್ತೆ. ಎಲ್ಲಮ್ಮನ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ಚಕ್ಕಡಿಯಲ್ಲಿ ಬುತ್ತಿಯ ಗಂಟಿನ ಜೊತೆಗೆ ಎರಡು ಕಾದಂಬರಿಗಳೂ ಹೋಗುತ್ತಿದ್ದವು. ಅಲ್ಲಿಂದ ಅವು ರಾಮದುರ್ಗಕ್ಕೆ, ಅತ್ತೆಯ ನಾದಿನಿಯ ಮನೆಗೆ. ಅವರದು ನೇಕಾರರ ಓಣಿ. ಮಗ್ಗದ ಸಪ್ಪಳದ ನಡುವೆ ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರು ಕೇಳುತ್ತಿದ್ದರಂತೆ. ಕಿತ್ತೂರಿನ ಒಬ್ಬ ಮಾಸ್ತರರು ಮಾತ್ರ ನಮ್ಮ ಮನೆಗೇ ಬಂದು ಒಯ್ದು, ಮಾತು ಕೊಟ್ಟ ದಿನವೇ ತಂದುಕೊಡುವರು. ಕಾಕಾ ಕೊನೆಯ ಖಾಲಿ ಹಾಳೆಯಲ್ಲಿ ಓದಿದವರೆಲ್ಲ ಒಂದು ಸಾಲು ಬರೆಯಬೇಕೆಂದು ನಿಯಮ ಮಾಡಿದ್ದ. ಪುಸ್ತಕ ಮರಳಿ ಬಂದಾಗ ಅದರಲ್ಲಿ ಅರಿಸಿನದ ಬೆರಳಚ್ಚು, ಎಣ್ಣೆಯ ಕಲೆ, ನಾಲ್ಕೂರಿನ ಅಕ್ಷರ. "ಕೊನೆ ಸರಿಯಿಲ್ಲ" ಎಂದು ಸವದತ್ತಿ. "ಕೊನೆಯೇ ಸರಿ" ಎಂದು ಅದರ ಕೆಳಗೆ ರಾಮದುರ್ಗ. "ಇವರ ಮುಂದಿನ ಕಾದಂಬರಿ ಬಂದ ಕೂಡಲೆ ಕಳಿಸುವುದು" ಎಂದು ಎಲ್ಲರೂ.

'ಇವರ' ಎಂದರೆ ಯಾರು? ಪ್ರತಿಯೊಬ್ಬರಿಗೂ ಒಬ್ಬೊಬ್ಬ ನೆಚ್ಚಿನ ಲೇಖಕರಿದ್ದರು. ಕಾಕಾನಿಗೆ ಬಸವರಾಜ ಕಟ್ಟೀಮನಿಯವರು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿ, 1942ರ ಚಳವಳಿಯಲ್ಲಿ ಸೆರೆಮನೆ ಕಂಡು, ಪತ್ರಕರ್ತರಾಗಿ ದುಡಿದ ಕಟ್ಟೀಮನಿಯವರು 'ಮಾಡಿ ಮಡಿದವರು' ಬರೆದಾಗ ನಮ್ಮ ಕಡೆಯವರಿಗೆ ಅದು ಪುಸ್ತಕವೆನ್ನಿಸಲಿಲ್ಲ, ನೆರೆಯೂರಿನ ಸುದ್ದಿಯೆನ್ನಿಸಿತು. ಹಳ್ಳಿಯ ಚಾವಡಿ, ಗೌಡರ ಗತ್ತು, ಮಠದ ರಾಜಕಾರಣ ಇವೆಲ್ಲ ಅಚ್ಚಿನಲ್ಲಿ ಬರಬಹುದೆಂಬುದೇ ಹಲವರಿಗೆ ಬೆರಗಾಗಿತ್ತು. ಕಿತ್ತೂರಿನ ಮಾಸ್ತರರಿಗೆ ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ'ದ ಮೇಲೆ ಪ್ರೀತಿ. ರಾವಬಹಾದ್ದೂರರ 'ಗ್ರಾಮಾಯಣ' (1957) ಬಂದ ಮೇಲೆ ಆ ಪ್ರೀತಿ ಎರಡು ಪಾಲಾಯಿತು. ಒಂದು ಹಳ್ಳಿ ಕಣ್ಣ ಮುಂದೆಯೇ ಕೆಡುತ್ತಾ ಹೋಗುವ ಆ ದೊಡ್ಡ ಕಥೆಯನ್ನು ಅವರು ಮೂರು ಸಲ ಒಯ್ದರು. ಸವದತ್ತಿಯ ಅತ್ತೆಗೆ ಕೃಷ್ಣಮೂರ್ತಿ ಪುರಾಣಿಕರ ಹೊರತು ಬೇರೆ ಬೇಡ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಪುರಾಣಿಕರು ಅತ್ತೆ-ಸೊಸೆಯರ ಮನೆಯನ್ನು ಒಳಗಿನಿಂದ ಬಲ್ಲವರು. ಅವರ 'ಧರ್ಮದೇವತೆ' 1962ರಲ್ಲಿ 'ಕರುಣೆಯೇ ಕುಟುಂಬದ ಕಣ್ಣು' ಎಂಬ ಚಿತ್ರವಾಯಿತು. ಮರುವರ್ಷ 'ಕುಲವಧು'ವೂ ಪರದೆಗೆ ಬಂತು. ಚಿತ್ರ ನೋಡಿ ಬಂದ ಅತ್ತೆ, ಪುಸ್ತಕದಲ್ಲಿದ್ದುದರ ಅರ್ಧವೂ ಇಲ್ಲವೆಂದು ತೀರ್ಪು ಕೊಟ್ಟಳು. ಇಂದಿನವರೂ ಅದನ್ನೇ ಹೇಳುತ್ತಾರಲ್ಲವೆ?

ಅವ್ವನಿಗೆ ತ್ರಿವೇಣಿ. ಮೈಸೂರು ಸೀಮೆಯ ಕನ್ನಡ ಅವ್ವನಿಗೆ ಮೊದಮೊದಲು ತೊಡಕಾಯಿತು. ಹೆಂಗಸಿನ ಮನಸ್ಸು ತೊಡಕಾಗಲಿಲ್ಲ. 1963ರ ಜುಲೈಯಲ್ಲಿ ತ್ರಿವೇಣಿಯವರು ತೀರಿಕೊಂಡಾಗ ಅವರಿಗೆ ವಯಸ್ಸು ಮೂವತ್ತನಾಲ್ಕು. ಅವರು ಅರ್ಧಕ್ಕೆ ಬಿಟ್ಟಿದ್ದ 'ಅವಳ ಮನೆ'ಯನ್ನು ಎಂ. ಸಿ. ಪದ್ಮಾ ಅವರು ಪೂರ್ಣಗೊಳಿಸಿದರು. ಅವ್ವ ಅದನ್ನು ಓದಿ, ಯಾವ ಪುಟದಲ್ಲಿ ಕೈ ಬದಲಾಯಿತೆಂದು ಹುಡುಕುತ್ತಾ ಕುಳಿತಳು. ಸಿಕ್ಕಿತೋ ಇಲ್ಲವೋ, ನಮಗೆ ಹೇಳಲಿಲ್ಲ. ನೆಚ್ಚಿನ ಲೇಖಕರಿಂದ ಇನ್ನು ಮುಂದೆ ಹೊಸ ಪುಸ್ತಕವಿಲ್ಲ ಎಂಬ ದುಃಖವನ್ನು ನಾನು ಮೊದಲು ಕಂಡುದು ಅಂದು. ಎಸ್. ಎಲ್. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ದಿನ, 'ಉತ್ತರಕಾಂಡ'ವೇ (2017) ಅವರ ಕೊನೆಯ ಕಾದಂಬರಿಯಾಗಿ ಉಳಿಯಿತಲ್ಲ ಎಂದು ಮನಸ್ಸು ಲೆಕ್ಕ ಹಾಕಿದಾಗ, ಅವ್ವ ಪುಟ ತಿರುವುತ್ತಿದ್ದ ಚಿತ್ರ ಕಣ್ಣೆದುರು ನಿಂತಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗ್ರಂಥಮಾಲೆಯ ಕಟ್ಟಿನಲ್ಲಿ ನಮಗೆ ಬೇಕಾದವರೇ ಬರುತ್ತಾರೆಂಬ ಭರವಸೆಯಿರಲಿಲ್ಲ. ಆರಿಸುವವರು ಅಟ್ಟದವರು, ಓದುವವರು ನಾವು. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ಹೊರಬಂದುದು ಆ ಮಾಲೆಯಲ್ಲಿಯೇ. ಆಗ ಕಾರ್ನಾಡರ ಹೆಸರನ್ನು ಯಾರು ಕೇಳಿದ್ದರು? 1965ರಲ್ಲಿ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಬಂತು. ಕಟ್ಟು ಬಿಚ್ಚಿದ ಕಾಕಾ ಎರಡು ರಾತ್ರಿ ಓದಿದ. ಮೂರನೆಯ ದಿನ ಅದನ್ನು ಟ್ರಂಕಿನೊಳಗೆ ಹಾಕಿ, "ಇದು ಮನ್ಯಾಗ ಇಡೂವಂಥಾ ಪುಸ್ತಕ ಅಲ್ಲ. ಬರೂ ವರ್ಷ ವರ್ಗಣಿ ಬಂದ್" ಎಂದು ಸಾರಿದ. ಸತ್ತವನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತಿರಲು ಸಂಸ್ಕಾರ ಮಾಡುವವರಾರೆಂದು ತರ್ಕಿಸುತ್ತಾ ಕೂಡುವ ಆ ಕಥೆ, ಅದರಲ್ಲಿ ಪ್ರಾಣೇಶಾಚಾರ್ಯರಂಥ ಪಂಡಿತರು ಜಾರುವುದು, ಅವನಿಗೆ ಸಹಿಸಲಿಲ್ಲ. ಅವನನ್ನು ನಾನು ದೂರುವುದಿಲ್ಲ. ಕರ್ನಾಟಕದಲ್ಲಿ ಆ ಪುಸ್ತಕದ ಮೇಲೆ ಸಿಟ್ಟಾದವರಲ್ಲಿ ಕಾಕಾ ಒಬ್ಬನೇ ಅಲ್ಲವಷ್ಟೆ.

ಟ್ರಂಕಿನ ಕೀಲಿಕೈ ಅವ್ವನ ಸೆರಗಿನಲ್ಲಿತ್ತೆಂಬುದನ್ನು ಅವನು ಮರೆತಿದ್ದ. ಅವನು ಅಂಗಡಿಗೆ ಹೋದ ವೇಳೆ ನೋಡಿ ಅವ್ವ ಒಂದು ವಾರದಲ್ಲಿ ಓದಿ ಮುಗಿಸಿದಳು. ಊಟಕ್ಕೆ ಬಡಿಸುವಾಗ ಸಹಜವಾಗಿ ಹೇಳಿದಳು:

"ಹೆಣದ ಕೆಲಸಕ್ಕಂತ ಮೈಮ್ಯಾಲಿನ ಬಂಗಾರ ಬಿಚ್ಚಿಕೊಟ್ಟಾಕಿ ಆ ಚಂದ್ರಿ ಒಬ್ಬಾಕೇ ಅಲ್ಲೇನ್ರೀ? ಉಳದವರೆಲ್ಲಾ ಬಂಗಾರ ನೋಡಿದ್ರು. ಹೆಣ ನೋಡಲಿಲ್ಲ."

ಕಾಕಾ ಕೈಯಲ್ಲಿಯ ತುತ್ತನ್ನು ಹಾಗೆಯೇ ಹಿಡಿದು ಕುಳಿತ. ಸಿಟ್ಟಾಗುವನೆಂದು ನಾವು ಹೆದರಿದೆವು. ಅವನು ಮಾತಾಡಲಿಲ್ಲ. ರಾತ್ರಿ ಟ್ರಂಕಿನಿಂದ ಪುಸ್ತಕ ತೆಗೆದು ಮತ್ತೆ ಓದಿದ. ಮುಂದಿನ ವರ್ಷದ ಮನಿಯಾರ್ಡರು ಎಂದಿನ ತಿಂಗಳಲ್ಲಿಯೇ ಹೋಯಿತು. 1970ರಲ್ಲಿ 'ಸಂಸ್ಕಾರ' ಚಿತ್ರವಾಗಿ, ಕಾರ್ನಾಡರೇ ಪ್ರಾಣೇಶಾಚಾರ್ಯರಾಗಿ, ದೇಶದ ಮೊದಲ ಬಹುಮಾನ ಪಡೆದಾಗ "ನಮ್ಮ ಮನ್ಯಾಗ ಆ ಪುಸ್ತಕ ಮೊದಲss ಇತ್ತು" ಎಂದು ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದ. ಟ್ರಂಕಿನ ವಿಷಯ ಹೇಳಲಿಲ್ಲ.

ಆ ಊಟದ ನಂತರವೇ ಕಾಕಾ ಒಂದು ವಹಿ ಮಾಡಿದ. ಅಡತಿಯ ಲೆಕ್ಕದ ವಹಿಯಂತೆಯೇ ನಡುವೆ ಗೆರೆ. ಎಡಗಡೆಗೆ 'ಬಲ್ಲವರು', ಬಲಗಡೆಗೆ 'ಅರಿಯದವರು'. ಎಡಗಡೆಯಿಂದ ಎರಡು ಪುಸ್ತಕ ಓದಿದರೆ ಬಲಗಡೆಯಿಂದ ಒಂದನ್ನು ಓದಲೇಬೇಕು. ಎಡಗಡೆಯನ್ನು ತುಂಬಲು ಕಷ್ಟವಿರಲಿಲ್ಲ. ಅ.ನ.ಕೃ. ಅವರೊಬ್ಬರೇ ನೂರಕ್ಕೂ ಮಿಕ್ಕಿ ಕಾದಂಬರಿ ಬರೆದವರು. ಅವರನ್ನೇ ಹಿಡಿದರೆ ವಹಿ ಮುಗಿದೀತು. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳಿಗೆ ಮಾತ್ರ ಅವನು ಅನುಕ್ರಮ ಹಾಕಿಟ್ಟಿದ್ದ: 'ಕಂಬನಿಯ ಕುಯಿಲು', ಆಮೇಲೆ 'ರಕ್ತರಾತ್ರಿ', ಆಮೇಲೆ 'ತಿರುಗುಬಾಣ'. ರಾಮದುರ್ಗದವರಿಗೆ ನಡುವಿನದು ಮೊದಲು ಸಿಕ್ಕು, ಯಾರು ಯಾರನ್ನು ಕೊಂದರೆಂಬುದು ಮುಂಚೆಯೇ ತಿಳಿದುಹೋಗಿ ಪೇಚಾಡಿದ್ದರಿಂದ ಬಂದ ಬುದ್ಧಿಯದು. ಬಲಗಡೆಯ ಹೆಸರುಗಳಿಗೆ ಹುಬ್ಬಳ್ಳಿಯ 'ಕಸ್ತೂರಿ'ಯ ಪುಸ್ತಕ ವಿಭಾಗ, ವಾರಪತ್ರಿಕೆಗಳ ಧಾರಾವಾಹಿ, ಮಾಸ್ತರರ ಮಾತು ನೆರವಾಗುತ್ತಿದ್ದವು. ಶಾಂತಿನಾಥ ದೇಸಾಯಿಯವರು ಬಲಗಡೆಯಿಂದ ಎಡಗಡೆಗೆ ಹೋದರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು 'ಕರಿಮಾಯಿ' (1975) ಬರೆದಾಗ ನೇರವಾಗಿ ಎಡಗಡೆಗೇ ಬಂದರು. ನಮ್ಮ ಜಿಲ್ಲೆಯವರೆಂದು ಕಾಕಾ ತೋರಿದ ಪಕ್ಷಪಾತವಿದು, ತಪ್ಪಲ್ಲ.

ಕಾಕಾ ಇಲ್ಲ, ಅವ್ವ ಇಲ್ಲ, ವಹಿ ನನ್ನಲ್ಲಿದೆ. ಈಗ ಫೋನಿನಲ್ಲಿ ಬೆರಳೊತ್ತಿದರೆ ಬೆಂಗಳೂರಿನ ಪುಸ್ತಕ ನಾಲ್ಕು ದಿನದಲ್ಲಿ ಬೈಲಹೊಂಗಲದ ಬಾಗಿಲಿಗೆ ಬರುತ್ತದೆ. ಅನುಕೂಲವೇ ಸರಿ, ನಾನೇನೂ ಹಳೆಯದಕ್ಕಾಗಿ ಅಳುವವನಲ್ಲ. ಆದರೆ ಆ ಕಟ್ಟಿಗೆ ಸುತ್ತಿದ ಟೇಪನ್ನು ಕತ್ತರಿಸದೆ ಬಿಚ್ಚಲು ಸಾಧ್ಯವಿಲ್ಲ. ಮತ್ತೊಂದು ಸಂಗತಿ: ನಾನೇ ಆರಿಸುವುದರಿಂದ ಬರುವುದೆಲ್ಲ ಎಡಗಡೆಯದೇ. ಬೇಡದ್ದನ್ನು ಯಾರೂ ಕಳಿಸುವುದಿಲ್ಲ. ಟ್ರಂಕಿನಲ್ಲಿಡಬೇಕಾದ ಪುಸ್ತಕ ಮನೆಗೆ ಬಂದು ಬಹಳ ವರ್ಷವಾಯಿತು.

ಈ ಮಳೆಗಾಲಕ್ಕೆ ಎಡಗಡೆ ನಾನು ಬರೆದುಕೊಂಡಿರುವುದು 'ಗ್ರಾಮಾಯಣ' (ಇನ್ನೊಮ್ಮೆ), ತ.ರಾ.ಸು. ಅವರ 'ದುರ್ಗಾಸ್ತಮಾನ', ಮತ್ತು ಬೆಟಗೇರಿಯ ರಾಘವೇಂದ್ರ ಪಾಟೀಲರ 'ತೇರು'. ಕೊನೆಯದು 2005ರಲ್ಲಿ ಅಕಾಡೆಮಿಯ ಪ್ರಶಸ್ತಿ ಪಡೆದರೂ ನಾನಿನ್ನೂ ಓದಿಲ್ಲವೆಂಬುದು ನಾಚಿಕೆಯ ಮಾತು. ಬಲಗಡೆ ಖಾಲಿಯಿತ್ತು. ಮೊನ್ನೆ ಧಾರವಾಡದಲ್ಲಿ ಓದುತ್ತಿರುವ ಮೊಮ್ಮಗಳು ರಜೆಗೆ ಬಂದಾಗ ವಹಿಯನ್ನು ಅವಳ ಮುಂದಿಟ್ಟೆ. "ಅಜ್ಜಾ, ನೀವು ಓದತೀರೇನು ಇವನ್ನ?" ಎಂದು ಎರಡು ಸಲ ಕೇಳಿ, ಮೂರು ಹೆಸರು ಬರೆದಳು. ಮೂರರಲ್ಲಿ ಒಂದನ್ನೂ ನಾನು ಕೇಳಿಲ್ಲ. ದೀಪಾವಳಿಗೆ ಬರುವಾಗ ಮೊದಲನೆಯದನ್ನು ತರುವವಳಿದ್ದಾಳೆ.