ಬೇಟೆಯ ಗುಂಡಿನ ಸೀಸವೂ ಕುಟುಂಬದ ಆರೋಗ್ಯವೂ

ಸೀಸವು ಮೃದುವಾದ, ಭಾರವಾದ, ಅಲ್ಪ ಉಷ್ಣದಲ್ಲಿಯೇ ಕರಗುವ ಲೋಹ. ಈ ಮೂರು ಗುಣಗಳೇ ಅದನ್ನು ಶತಮಾನಗಳ ಕಾಲ ಬಂದೂಕಿನ ಗುಂಡಿಗೆ ಯೋಗ್ಯವಾದ ದ್ರವ್ಯವನ್ನಾಗಿ ಮಾಡಿದುವು. ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ಅದನ್ನು ಅಚ್ಚಿಗೆ ಹೊಯ್ಯುವುದು ಸುಲಭ. ಭಾರವಾಗಿರುವುದರಿಂದ ಗುಂಡು ದೂರದವರೆಗೆ ವೇಗವನ್ನು ಉಳಿಸಿಕೊಳ್ಳುತ್ತದೆ. ಮೃದುವಾಗಿರುವುದರಿಂದ ಪ್ರಾಣಿಯ ಮೈಯನ್ನು ಹೊಕ್ಕೊಡನೆ ಅರಳಿ ಬೇಗನೆ ಕೊಲ್ಲುತ್ತದೆ. ಆದರೆ ಬೇಟೆಯ ಮಾಂಸವೇ ಮನೆಯ ಊಟವಾಗುವ ನಾಡುಗಳಲ್ಲಿ ಈ ಮೂರನೆಯ ಗುಣವೇ ಆತಂಕಕ್ಕೆ ಕಾರಣವಾಗಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲವು ಬೇಟೆಗಾರರು ಮಡದಿ ಮಕ್ಕಳ ಆರೋಗ್ಯವನ್ನು ನೆನೆದು ಸೀಸವನ್ನು ತೊರೆದು ತಾಮ್ರದ ಗುಂಡನ್ನು ಬಳಸತೊಡಗಿದ್ದಾರೆ. ಈ ಬದಲಾವಣೆಯ ಹಿಂದಿರುವ ಶಾಸ್ತ್ರೀಯ ಕಾರಣಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಬೇಟೆಯ ರೈಫಲಿನ ಗುಂಡು ಸಾಮಾನ್ಯವಾಗಿ ತಾಮ್ರದ ತೆಳುವಾದ ಕವಚದೊಳಗೆ ಸೀಸದ ತಿರುಳನ್ನುಳ್ಳದ್ದು. ಅತಿವೇಗದಿಂದ ಮಾಂಸಕ್ಕೂ ಮೂಳೆಗೂ ತಾಗಿದಾಗ ಕವಚವು ಸೀಳಿ, ತಿರುಳಿನ ಒಂದಂಶ ಸೂಕ್ಷ್ಮ ಕಣಗಳಾಗಿ ಸಿಡಿಯುತ್ತದೆ. ಗಾಯದ ಸುತ್ತಲಿನ ಮಾಂಸವನ್ನು ಕೊಯ್ದು ಬಿಸುಟರೆ ಸಾಕೆಂದು ಭಾವಿಸುವುದು ಸಹಜ. ೨೦೦೯ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ಭಾವನೆಯನ್ನು ಪರೀಕ್ಷೆಗೊಳಪಡಿಸಿತು. ವಯೋಮಿಂಗ್ ಸಂಸ್ಥಾನದಲ್ಲಿ ಇಂಥ ಗುಂಡುಗಳಿಂದ ಕೊಂದ ೩೦ ಜಿಂಕೆಗಳ ಕರುಳು ತೆಗೆದ ಕಳೇಬರಗಳನ್ನು ಕ್ಷ-ಕಿರಣಗಳಿಂದ ನೋಡಲಾಗಿ, ಒಂದೊಂದರಲ್ಲಿಯೂ ೧೫ರಿಂದ ೪೦೯ರವರೆಗೆ ಲೋಹದ ಚೂರುಗಳು ಹರಡಿಕೊಂಡಿದ್ದುವು. ಕಸಬಿನ ಕಟುಕರಿಂದಲೇ ಮಾಂಸವನ್ನು ಹಸನು ಮಾಡಿಸಿದರೂ ೨೩೪ ಕೈಮಾ ಪೊಟ್ಟಣಗಳ ಪೈಕಿ ನೂರಕ್ಕೆ ೩೨ರಲ್ಲಿ ಚೂರುಗಳು ಉಳಿದಿದ್ದುವು. ಇವುಗಳಲ್ಲಿ ಅನೇಕವು ಕಣ್ಣಿಗೆ ಕಾಣವು, ಹಲ್ಲಿಗೆ ಸಿಕ್ಕವು.

ನುಂಗಿದ ಸೀಸವೆಲ್ಲವೂ ರಕ್ತಕ್ಕೆ ಸೇರುವುದಿಲ್ಲ. ಲೋಹವು ಕರಗುವುದು ಅದರ ಮೇಲ್ಮೈಯಿಂದ. ಒಂದೇ ತೂಕದ ಸೀಸವು ಚಿಕ್ಕ ಚಿಕ್ಕ ಕಣಗಳಾದಷ್ಟೂ ಮೇಲ್ಮೈ ಹೆಚ್ಚಿ, ಜಠರದ ಆಮ್ಲದಲ್ಲಿ ಬೇಗ ಕರಗುತ್ತದೆ. ಆದ್ದರಿಂದ ಉಗಿದುಬಿಡಬಹುದಾದ ದೊಡ್ಡ ಚೂರಿಗಿಂತ ಕಾಣದ ಪುಡಿಗೇ ಹೆಚ್ಚು ಅಂಜಬೇಕು. ಮೇಲ್ಕಂಡ ಸಂಶೋಧಕರು ಚೂರುಗಳಿದ್ದ ಮಾಂಸವನ್ನು ಹಂದಿಗಳಿಗೆ ತಿನ್ನಿಸಿದಾಗ, ಎರಡು ದಿನಗಳಲ್ಲಿ ಅವುಗಳ ರಕ್ತದ ಸೀಸ ಡೆಸಿಲೀಟರಿಗೆ ಸರಾಸರಿ ೨.೨೯ ಮೈಕ್ರೋಗ್ರಾಮಿಗೆ ಏರಿತು. ಚೂರುಗಳಿದ್ದ ಮಾಂಸವನ್ನು ತಿನ್ನದ ಹಂದಿಗಳಲ್ಲಿ ಅದು ೦.೬೩ ಮಾತ್ರ. ರಕ್ತಕ್ಕೆ ಸೇರಿದ ಸೀಸವನ್ನು ದೇಹವು ಕ್ಯಾಲ್ಸಿಯಂನಂತೆ ಪರಿಗಣಿಸಿ ಮೂಳೆಯಲ್ಲಿ ದಶಕಗಳ ಕಾಲ ಕೂಡಿಡುತ್ತದೆ. ಗರ್ಭಿಣಿಯ ಮೂಳೆಯಿಂದ ಅದು ಮತ್ತೆ ಹೊರಟು ಗರ್ಭಸ್ಥ ಶಿಶುವನ್ನು ಮುಟ್ಟಬಲ್ಲದು. ಎಳೆಯ ಮಕ್ಕಳ ಕರುಳು ವಯಸ್ಕರ ಕರುಳಿಗಿಂತ ನಾಲ್ಕೈದು ಪಟ್ಟು ಸೀಸವನ್ನು ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮೆದುಳಿಗೆ ತಗಲುವ ಹಾನಿಯಾದರೋ ಶಾಶ್ವತವಾಗಿ ಉಳಿಯಬಹುದು. ಹೀಗಾಗಿ ಒಂದೇ ಊಟದಿಂದ ತಂದೆಗಿಂತ ಮಗುವಿಗೆ ಕೇಡು ಹೆಚ್ಚು.

ಮನುಷ್ಯರಲ್ಲಿ ಇದರ ಪ್ರಮಾಣವೆಷ್ಟು? ೨೦೦೮ರಲ್ಲಿ ಉತ್ತರ ಡಕೋಟಾ ಸಂಸ್ಥಾನದಲ್ಲಿ, ಬಡವರಿಗೆಂದು ದಾನವಾಗಿ ಬಂದ ಜಿಂಕೆಯ ಕೈಮಾದಲ್ಲಿ ಲೋಹದ ಚೂರುಗಳು ಕಂಡುಬಂದುದರಿಂದ, ಅದನ್ನು ಹಂಚಬಾರದೆಂದು ಆರೋಗ್ಯ ಇಲಾಖೆ ಸೂಚಿಸಿತು. ಅದೇ ವರ್ಷ ಅಲ್ಲಿಯ ೭೩೮ ಜನರ ರಕ್ತವನ್ನು ಪರೀಕ್ಷಿಸಲಾಯಿತು. ಬೇಟೆಯ ಮಾಂಸವನ್ನು ತಿನ್ನುವವರಲ್ಲಿ ಸೀಸವು ಡೆಸಿಲೀಟರಿಗೆ ಸರಾಸರಿ ೦.೩೦ ಮೈಕ್ರೋಗ್ರಾಂ ಅಧಿಕವಾಗಿತ್ತು. ಆದರೆ ಅಂದು ಆತಂಕದ ಮಟ್ಟವೆಂದು ಎಣಿಸಿದ್ದ ೧೦ನ್ನು ಯಾರೂ ಮುಟ್ಟಿರಲಿಲ್ಲ. ಅಂತರವು ಅಲ್ಪವೆಂಬುದನ್ನು ಒಪ್ಪಬೇಕು. ಆದರೆ ಮಕ್ಕಳ ವಿಷಯದಲ್ಲಿ ಎಚ್ಚರಗೊಳ್ಳಬೇಕಾದ ಮಟ್ಟವನ್ನು ಅಮೆರಿಕಾದಲ್ಲಿ ೨೦೧೨ರಲ್ಲಿ ೫ಕ್ಕೂ ೨೦೨೧ರಲ್ಲಿ ೩.೫ಕ್ಕೂ ಇಳಿಸಲಾಯಿತು. ನಿರಪಾಯವೆನ್ನಬಹುದಾದ ಮಿತಿಯೇ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ತಾಮ್ರದ ಗುಂಡು ಈ ತೊಡಕನ್ನು ಮೂಲದಲ್ಲಿಯೇ ಕಳೆಯುತ್ತದೆ. ಅದರ ತುದಿ ತಾಗಿದೊಡನೆ ಹೂವಿನ ಎಸಳುಗಳಂತೆ ಅರಳಿದರೂ ಗುಂಡು ತನ್ನ ತೂಕವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಇದರಲ್ಲಿಯೂ ಕೊರತೆಗಳಿಲ್ಲದಿಲ್ಲ. ಸೀಸದ ಸಾಂದ್ರತೆ ೧೧.೩ ಆದರೆ ತಾಮ್ರದ್ದು ಸುಮಾರು ೮.೯, ಆದ್ದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗುತ್ತದೆ, ಕೆಲವು ರೈಫಲುಗಳ ನಳಿಗೆಗೆ ಒಗ್ಗುವುದಿಲ್ಲ. ಆಗ ಕಡಿಮೆ ತೂಕದ ಗುಂಡನ್ನು ಆರಿಸಿ ಗುರಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ವೇಗ ತೀರ ಕುಂದಿದಾಗ ಅದು ಚೆನ್ನಾಗಿ ಅರಳದು. ಆದ್ದರಿಂದ ಬಹುದೂರದಿಂದ ಹೊಡೆಯುವುದು ಸಲ್ಲದು.

ಕಾನೂನು ಮೊದಲು ಗಮನಿಸಿದ್ದು ಹಕ್ಕಿಗಳನ್ನು. ಅಮೆರಿಕಾದಲ್ಲಿ ೧೯೯೧ರಿಂದ ಬಾತು ಮೊದಲಾದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧ. ಸೀಸದ ವಿಷದಿಂದ ಸಾಯುತ್ತಿದ್ದ ಕಾಂಡರ್ ರಣಹದ್ದುಗಳ ರಕ್ಷಣೆಗೆ ಮೊದಲು ಹೆಜ್ಜೆಯಿಟ್ಟ ಕ್ಯಾಲಿಫೋರ್ನಿಯಾ, ೨೦೧೯ರ ಜುಲೈ ೧ರಿಂದ ವನ್ಯಪ್ರಾಣಿಗಳ ಬೇಟೆಯಲ್ಲೆಲ್ಲ ಸೀಸವನ್ನು ನಿಷೇಧಿಸಿತು. ಡೆನ್ಮಾರ್ಕ್ ದೇಶವು ೨೦೨೪ರ ಏಪ್ರಿಲ್ ೧ರಿಂದ ರೈಫಲಿನ ಗುಂಡುಗಳಿಗೂ ಈ ನಿಯಮವನ್ನು ವಿಸ್ತರಿಸಿತು. ಅಮೆರಿಕಾದ ಉಳಿದ ಸಂಸ್ಥಾನಗಳಲ್ಲಿ ಜಿಂಕೆಯ ಬೇಟೆಗೆ ಯಾವ ಗುಂಡೆಂಬುದು ಬಹುಮಟ್ಟಿಗೆ ಬೇಟೆಗಾರನ ವಿವೇಚನೆಗೇ ಬಿಟ್ಟ ವಿಷಯ. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ವನ್ಯಮೃಗಗಳ ಬೇಟೆ ನಿಷಿದ್ಧವಾಗಿರುವುದರಿಂದ ಪ್ರಶ್ನೆ ಈ ರೂಪದಲ್ಲಿ ಏಳುವುದಿಲ್ಲ. ಆದರೂ ಕಣ್ಣಿಗೆ ಕಾಣದ ವಿಷವನ್ನು ಅಡಿಗೆಯ ಮನೆಯಲ್ಲಿ ಚೂರಿಯಿಂದ ಬೇರ್ಪಡಿಸುವುದು ಅಸಾಧ್ಯವೆಂಬುದು ಮೇಲಿನ ವಿವೇಚನೆಯಿಂದ ವಿದಿತವಾಗುತ್ತದೆ. ಅದನ್ನು ತಡೆಯತಕ್ಕ ಕಾಲವು ಗುಂಡನ್ನು ಆರಿಸುವ ಕಾಲವೇ ಎಂಬುದು ನಮ್ಮ ಅಭಿಪ್ರಾಯ.