ಎಂಜಿನ್ನಿನ ಉಸಿರು: ಕ್ರ್ಯಾಂಕ್‌ಕೇಸ್ ಗಾಳಿದಾರಿಯ ಮಾರ್ಪಾಡನ್ನು ಕನ್ನಡದಲ್ಲಿ ವಿವರಿಸುವ ಒಂದು ಪ್ರಯತ್ನ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ನಾನು ಮುಚ್ಚಂಡಿಯ ನಮ್ಮ ಮನೆಯಿಂದಲೇ ಮಾತಾಡ್ತಾ ಇದ್ದೀನಿ. ನೆಟ್‌ವರ್ಕ್ ನಡುವೆ ಕೈಕೊಟ್ಟರೆ ದಯವಿಟ್ಟು ಕ್ಷಮಿಸಬೇಕು. ಗೊತ್ತಿಲ್ಲದವರಿಗೆ ಹೇಳ್ತೀನಿ: ಮುಚ್ಚಂಡಿ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಊರು. ಕಚೇರಿಯ ಕಾಗದ ಮರಾಠಿಯಲ್ಲಿ, ನಮ್ಮ ಮನೆಮಾತು ಕನ್ನಡ, ಗ್ಯಾರೇಜಿನ ಮಾತು ಇವೆರಡರ ಜೊತೆ ಹಿಂದಿ, ಇಂಗ್ಲಿಷ್ ಎಲ್ಲ ಬೆರೆತದ್ದು.

ಕನ್ನಡ ಎಂ.ಎ. ವಿದ್ಯಾರ್ಥಿ ಕಾರಿನ ಎಂಜಿನ್ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ಕೆಲವರಿಗೆ ಅನ್ನಿಸಬಹುದು. ಕನ್ನಡದಲ್ಲಿ ಶಾಸ್ತ್ರಸಾಹಿತ್ಯ ಹೊಸದಲ್ಲ. 11ನೇ ಶತಮಾನದಲ್ಲೇ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ಗುರುತಿಸುವುದರಿಂದ ಹಿಡಿದು ಅಡುಗೆಯವರೆಗೆ ಬದುಕಿಗೆ ಬೇಕಾದ ವಿದ್ಯೆಗಳನ್ನು ಕನ್ನಡಕ್ಕೆ ತಂದಿದ್ದ. ಆದರೆ ನನಗೆ ಈ ವಿಷಯ ಹೊಳೆದದ್ದು ಪುಸ್ತಕದಿಂದ ಅಲ್ಲ, ನಾನೇ ಮಾಡಿದ ಒಂದು ತಪ್ಪು ಅನುವಾದದಿಂದ. ಮೊದಲು ಅದನ್ನೇ ಹೇಳಿಬಿಡ್ತೀನಿ.

ನಮ್ಮ ಕಾಕಾನ ಮಗ, ಅಂದ್ರೆ ನನ್ನ ಅಣ್ಣ, ದಾಳಿಂಬೆ ತೋಟದ ದುಡ್ಡು ಕೂಡಿಸಿ ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತಂದ. ಮೊದಲಿನ ಮಾಲೀಕ ಅದರ ಕಂಪ್ಯೂಟರ್ ಟ್ಯೂನ್ ಮಾಡಿಸಿ ಟರ್ಬೊ ಒತ್ತಡ ಏರಿಸಿದ್ದ. ಗಾಡಿ ಒಳ್ಳೆಯ ಓಟ ಓಡ್ತಿತ್ತು, ಆದರೆ ಗಾಳಿ ಹೋಗುವ ಪೈಪುಗಳಲ್ಲೆಲ್ಲ ಎಣ್ಣೆ ಜಿನುಗ್ತಿತ್ತು. ಅಣ್ಣ ಒಂದು ‘ಆಯಿಲ್ ಕ್ಯಾಚ್ ಕ್ಯಾನ್’ ಕಿಟ್ ತರಿಸಿದ. ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು. “ತಮ್ಮಾ, ನೀ ಓದಿ ಹೇಳಪಾ, ಇದರಾಗ ಏನ್ ಬರದೈತಿ” ಅಂದ. ನಾನು ಓದಿ ಹೇಳಿದೆ. ಹಾಳೆಯಲ್ಲಿದ್ದದ್ದು ಎರಡು ಮಾತು: ಕ್ರ್ಯಾಂಕ್‌ಕೇಸಿನಿಂದ ಬರುವ ಬ್ರೀದರ್ ಪೈಪನ್ನು ಡಬ್ಬಿಗೆ ಜೋಡಿಸಬೇಕು, ಗಾಳಿ ಒಳಹೋಗುವ ಕಡೆ ಖಾಲಿ ಉಳಿಯುವ ಮೂತಿಯನ್ನು ಮುಚ್ಚಬೇಕು. ಆ ಪೈಪಿನಲ್ಲಿ ಎಣ್ಣೆ ಕಂಡಿದ್ದರಿಂದ ನಾನು ಬ್ರೀದರ್ ಅನ್ನೋದನ್ನ ‘ಎಣ್ಣಿ ಪೈಪ’ ಅಂತಲೇ ಕರೆದೆ. ಡಬ್ಬಿಯ ಬ್ರಾಕೆಟ್ ಆವತ್ತು ಕೂರಲಿಲ್ಲ. “ಸದ್ಯಕ್ಕ ಎಣ್ಣಿ ಪೈಪ ಬಂದ್ ಮಾಡು” ಅಂದೆ. ಅಣ್ಣ ಎರಡೂ ಕಡೆ ಬೋಲ್ಟ್ ತುರುಕಿ ಕ್ಲಾಂಪ್ ಬಿಗಿದ.

ಮೂರನೆಯ ದಿನ ವಿಜಯಪುರದ ದಾರಿಯಲ್ಲಿ ಗಾಡಿ ಹಿಂದೆ ನೀಲಿ ಹೊಗೆ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ತಾನಾಗೇ ಮೇಲೆದ್ದಿತ್ತು. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಹೋಗಿ ಎಣ್ಣೆ ಕ್ಲಚ್ ಮೇಲೆ ಸುರಿದಿತ್ತು. ಸೀಲ್ ಸಣ್ಣ ವಸ್ತು, ಆದರೆ ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕಾಯ್ತು. ಅಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಹಾಗಾಗಿ ಆವತ್ತು ಸರಿಯಾಗಿ ಹೇಳಬೇಕಾಗಿದ್ದದ್ದನ್ನು ಇವತ್ತು ಹೇಳ್ತಾ ಇದ್ದೀನಿ.

ಸೋರುವ ಗಾಳಿ

ಎಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲು-ಗಾಳಿ ಉರಿದು ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಪಿಸ್ಟನ್ ಸುತ್ತ ಉಂಗುರಗಳಿವೆ. ಬಿಸಿಗೆ ಹಿಗ್ಗಲು ಜಾಗ ಬೇಕಲ್ಲ, ಅದಕ್ಕೆ ಪ್ರತಿ ಉಂಗುರದ ತುದಿಗಳ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಆದ್ದರಿಂದ ಹೊಚ್ಚಹೊಸ ಎಂಜಿನ್ನಿನಲ್ಲೂ ಉರಿದ ಅನಿಲ ಸ್ವಲ್ಪ ಕೆಳಕ್ಕೆ ಜಾರುತ್ತದೆ. ಇದೇ ‘ಬ್ಲೋ-ಬೈ’. ನಾನು ಇದನ್ನು ಸೋರುಗಾಳಿ ಅಂತೀನಿ. ಕೆಳಗೆ ಕ್ರ್ಯಾಂಕ್ ದಂಡ ತಿರುಗುವ, ಎಣ್ಣೆ ನಿಲ್ಲುವ ಪೆಟ್ಟಿಗೆ ಇದೆ, ಅದು ಕ್ರ್ಯಾಂಕ್‌ಕೇಸ್. ಸೋರುಗಾಳಿ ಬಂದು ಸೇರುವುದು ಅಲ್ಲಿಗೆ.

ಆ ಗಾಳಿಯಲ್ಲಿ ಉರಿಯದ ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡುಗಳು, ನೀರಾವಿ ಎಲ್ಲ ಇರುತ್ತವೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಅಲ್ಪಭಾಗ ಕೆಳಗೆ ಸೋರುತ್ತದೆ. ಅದು ಒಳಗೇ ಉಳಿದರೆ ಎಣ್ಣೆ ಕೆಟ್ಟು ಗಸಿಯಾಗುತ್ತದೆ, ಆಮ್ಲ ಹುಟ್ಟಿ ಲೋಹ ತಿನ್ನುತ್ತದೆ. ಜೊತೆಗೆ ಒತ್ತಡ ಏರಿ, ಎಲ್ಲಿ ಸೀಲ್ ಮೆತ್ತಗಿದೆಯೋ ಅಲ್ಲಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಅಂದ್ರೆ ಈ ಪೆಟ್ಟಿಗೆಗೆ ಉಸಿರು ಬಿಡಲು ದಾರಿ ಬೇಕೇ ಬೇಕು. ಎಣ್ಣೆ ಆ ಗಾಳಿಯ ಜೊತೆ ಬರುವ ತುಂತುರು ಮಾತ್ರ. ನಾನು ಪೈಪಿಗೆ ಹೆಸರಿಟ್ಟದ್ದು ತುಂತುರನ್ನು ನೋಡಿ, ಅದರ ಕೆಲಸವನ್ನು ನೋಡಿ ಅಲ್ಲ.

ಅಜ್ಜನ ಎಂಜಿನ್ನಿನಿಂದ ಪಿಸಿವಿವರೆಗೆ

ನಮ್ಮ ಸೀಮೆಯ ಹಿರಿಯರಿಗೆ ಇದು ಗೊತ್ತಿದ್ದ ವಿಷಯವೇ. ಬಾವಿಗೆ ಕರೆಂಟು ಬರುವ ಮೊದಲು ನೀರೆತ್ತುತ್ತಿದ್ದದ್ದು ಡೀಸೆಲ್ ಎಂಜಿನ್. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಾರ್ಖಾನೆ ಕಟ್ಟಿದ ಕಿರ್ಲೋಸ್ಕರವಾಡಿ ಇರುವುದು ನಮ್ಮ ಸಾಂಗಲಿ ಜಿಲ್ಲೆಯಲ್ಲೇ. ನಿಧಾನಗತಿಯ ಹಳೆಯ ಲಿಸ್ಟರ್ ಮಾದರಿಯ ಎಂಜಿನ್ನುಗಳಲ್ಲಿ ಬ್ರೀದರ್ ಒಳಗೆ ಒಂದು ತೆಳು ತಗಡಿನ ಕವಾಟ ಇರುತ್ತದೆ. ಪಿಸ್ಟನ್ ಕೆಳಗಿಳಿದಾಗ ತೆರೆದು ಗಾಳಿ ಬಿಡುತ್ತದೆ, ಮೇಲೇರಿದಾಗ ಮುಚ್ಚಿಕೊಳ್ಳುತ್ತದೆ. ಇದರಿಂದ ಒಳಗೆ ಸದಾ ಸ್ವಲ್ಪ ಎಳೆತ ಉಳಿದು ಎಣ್ಣೆ ಹೊರಗೆ ಜಿನುಗುವುದಿಲ್ಲ. ಕಾರಿನ ಕಥೆ ಕೇಳಿದ ನಮ್ಮ ಅಜ್ಜ ಅಂದದ್ದು ಇಷ್ಟೇ: “ಉಸಿರು ಹಾಕೋ ಜಾಗಾ ಕಟ್ಟಿದ್ರ ಅದು ಎಲ್ಲಿಂದ ಹಾಕಬೇಕೋ?” ನಾನು ಹುಡುಕ್ತಿದ್ದ ಪದ ಅಲ್ಲೇ ಇತ್ತು.

ಹಳೆಯ ಕಾರುಗಳಲ್ಲಿ ಈ ಉಸಿರನ್ನು ಒಂದು ಕೊಳವೆಯಿಂದ ನೇರ ರಸ್ತೆಗೆ ಬಿಡ್ತಿದ್ದರು. ಲಾಸ್ ಏಂಜಲಿಸ್ ಊರಿನ ಹೊಗೆಮಂಜಿನ ಸಮಸ್ಯೆ ಬಿಗಡಾಯಿಸಿದ ಮೇಲೆ, 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಪಿಸಿವಿ, ಅಂದ್ರೆ ಸೋರುಗಾಳಿಯನ್ನು ಎಂಜಿನ್ನೇ ಎಳೆದು ಮತ್ತೆ ಉರಿಸುವ ವ್ಯವಸ್ಥೆ ಬಂತು. ಏರ್ ಫಿಲ್ಟರಿನಿಂದ ಶುದ್ಧ ಗಾಳಿ ಒಂದು ಪೈಪಿನಲ್ಲಿ ಕ್ರ್ಯಾಂಕ್‌ಕೇಸಿಗೆ ಬಂದು, ಒಳಗಿನ ಕೊಳೆ ಗಾಳಿಯನ್ನು ಗುಡಿಸಿಕೊಂಡು, ಸ್ಪ್ರಿಂಗ್ ಇರುವ ಪಿಸಿವಿ ಕವಾಟದ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಎಳೆತ ಜಾಸ್ತಿ, ಆಗ ಕವಾಟ ದಾರಿಯನ್ನು ಕಿರಿದು ಮಾಡುತ್ತದೆ. ವೇಗ ಕೊಟ್ಟಾಗ ಎಳೆತ ಇಳಿದು ದಾರಿ ಅಗಲವಾಗುತ್ತದೆ.

ಟರ್ಬೊ ಬಂದಾಗ

ಟರ್ಬೊ ಕೆಲಸ ಮಾಡುವಾಗ ಮ್ಯಾನಿಫೋಲ್ಡಿನಲ್ಲಿ ಎಳೆತ ಇರೋದಿಲ್ಲ, ಒತ್ತಡ ಇರುತ್ತದೆ. ಆ ಒತ್ತಡ ಕ್ರ್ಯಾಂಕ್‌ಕೇಸಿಗೆ ನುಗ್ಗದಂತೆ ಒನ್-ವೇ ವಾಲ್ವ್ ಮುಚ್ಚಿಕೊಳ್ಳುತ್ತದೆ. ಆಗ ಸೋರುಗಾಳಿ ಇನ್ನೊಂದು ಪೈಪಿನಿಂದ ಟರ್ಬೊದ ಮುಂಬಾಗಿಲಿಗೆ ಹೋಗುತ್ತದೆ. ಕಂಪನಿ ಈ ಪೈಪುಗಳ ಅಳತೆ ಇಟ್ಟಿರುವುದು ಕಂಪನಿಯ ಒತ್ತಡಕ್ಕೆ. ಟ್ಯೂನ್ ಮಾಡಿ ಒತ್ತಡ ಏರಿಸಿದರೆ ಸೋರುಗಾಳಿಯೂ ಏರುತ್ತದೆ, ದಾರಿ ಮಾತ್ರ ಅಷ್ಟೇ ಇರುತ್ತದೆ.

ಪರಿಣಾಮ ಮೂರು. ಒಂದು, ಎಣ್ಣೆಯ ತುಂತುರು ಟರ್ಬೊ, ಇಂಟರ್‌ಕೂಲರ್ ದಾಟಿ ಸಿಲಿಂಡರಿಗೆ ಹೋಗುತ್ತದೆ. ಅದು ಮಿಶ್ರಣದ ಆಕ್ಟೇನ್ ಇಳಿಸಿ, ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ನಾಕಿಂಗಿಗೆ ದಾರಿ ಮಾಡುತ್ತದೆ. ಎರಡು, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವುಗಳನ್ನು ತೊಳೆಯಲು ಪೆಟ್ರೋಲ್ ಬರೋದಿಲ್ಲ, ಎಣ್ಣೆ ಅಲ್ಲೇ ಕರಕಾಗಿ ಅಂಟುತ್ತದೆ. ಮೂರು, ಟರ್ಬೊದ ಎಣ್ಣೆ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಸಂಪಿಗೆ ಬರಬೇಕು. ಕೆಳಗೆ ಒತ್ತಡ ಇದ್ದರೆ ಇಳಿಯದೆ ಟರ್ಬೊದ ಸೀಲ್ ದಾಟಿ ಉರಿಯುತ್ತದೆ. ಅಣ್ಣನ ಗಾಡಿಯ ನೀಲಿ ಹೊಗೆ ಇದೇ.

ಮಾರ್ಪಾಡು ಹೇಗೆ

ಮೊದಲ ನಿಯಮ: ಉಸಿರಿನ ದಾರಿ ಎಲ್ಲಿಯೂ ಮೊದಲಿಗಿಂತ ಕಿರಿದಾಗಬಾರದು. ಒತ್ತಡ ಏರಿಸಿದ ಎಂಜಿನ್ನುಗಳಿಗೆ ಸಾಮಾನ್ಯವಾಗಿ 16ರಿಂದ 19 ಮಿ.ಮೀ. ಒಳವ್ಯಾಸದ, ಎಣ್ಣೆಗೆ ಕರಗದ ಹೋಸ್ ಬಳಸುತ್ತಾರೆ. ಮಡಚಿಕೊಳ್ಳುವ ತಿರುವು ಇರಬಾರದು.

ಎರಡನೆಯದು ಡಬ್ಬಿ. ಕ್ಯಾಚ್ ಕ್ಯಾನ್ ಬರೀ ಖಾಲಿ ಡಬ್ಬಿಯಾದರೆ ಪ್ರಯೋಜನ ಕಡಿಮೆ. ಒಳಗೆ ಅಡ್ಡತಗಡು ಅಥವಾ ಸ್ಟೀಲ್ ಜಾಳಿಗೆ ಇರಬೇಕು. ಗಾಳಿ ಅಲ್ಲಿ ತಿರುಗಿ, ವೇಗ ಕಳೆದುಕೊಂಡು, ತಣ್ಣಗಾದಾಗ ತುಂತುರು ಹನಿಯಾಗಿ ಕೆಳಗೆ ಬೀಳುತ್ತದೆ. ಎಣ್ಣೆ ಕಳೆದ ಗಾಳಿ ಇನ್ನೊಂದು ಪೈಪಿನಿಂದ ಟರ್ಬೊದ ಮುಂಬಾಗಿಲಿಗೆ ಮರಳಬೇಕು. ಡಬ್ಬಿ ಎಗ್ಸಾಸ್ಟಿನ ಬಿಸಿಯಿಂದ ದೂರ ಇರಬೇಕು. ಚಳಿಯಲ್ಲಿ ಸಣ್ಣಸಣ್ಣ ಓಡಾಟ ಮಾಡಿದರೆ ನೀರು-ಎಣ್ಣೆ ಬೆರೆತು ಮಜ್ಜಿಗೆಯಂತೆ ಕಾಣುತ್ತದೆ. ಅದನ್ನು ಆಗಾಗ ಖಾಲಿ ಮಾಡಬೇಕು, ಮತ್ತೆ ಎಂಜಿನ್ನಿಗೆ ಸುರಿಯಬಾರದು.

ಮೂರನೆಯದು, ಪೈಪಿನ ತುದಿಗೆ ಸಣ್ಣ ಫಿಲ್ಟರ್ ಸಿಕ್ಕಿಸಿ ಹೊರಗೆ ಬಿಡುವುದು. ಹಲವರು ಮಾಡ್ತಾರೆ. ಆದರೆ ಪಿಸಿವಿ ಪೈಪನ್ನು ಹಾಗೇ ಬಿಟ್ಟು ಇದನ್ನಷ್ಟೇ ಮಾಡಿದರೆ, ಸೆನ್ಸರ್ ಅಳೆಯದ ಗಾಳಿ ಒಳಗೆ ನುಗ್ಗಿ ಐಡ್ಲಿಂಗ್ ಕೆಡಬಹುದು. ವಾಸನೆ ಕ್ಯಾಬಿನ್ನಿಗೂ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ರಸ್ತೆಯ ಗಾಡಿಗೆ ಇದು ಸಲ್ಲದು. ಭಾರತ್ ಸ್ಟೇಜ್ ಪರೀಕ್ಷೆಗಳಲ್ಲಿ ‘ಟೈಪ್ 3’ ಅನ್ನುವುದು ಇದಕ್ಕೇ ಇದೆ: ಪೆಟ್ರೋಲ್ ಗಾಡಿಯ ಕ್ರ್ಯಾಂಕ್‌ಕೇಸ್ ಅನಿಲ ಹೊರಗೆ ಬರಲೇಬಾರದು.

ರೇಸಿನ ಮಾತೇ ಬೇರೆ. ಅಲ್ಲಿ ವ್ಯಾಕ್ಯೂಮ್ ಪಂಪಿನಿಂದ ಕ್ರ್ಯಾಂಕ್‌ಕೇಸನ್ನು ಎಳೆಯುವುದೂ ಉಂಟು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಬ್ರೀದರ್ ಹೊರಕ್ಕೆ ತೆರೆದಿದ್ದರೆ ಎಣ್ಣೆ ಹಿಡಿಯುವ ಡಬ್ಬಿ ಕಡ್ಡಾಯ: 2000 ಸಿಸಿವರೆಗಿನ ಎಂಜಿನ್ನಿಗೆ ಕನಿಷ್ಠ 2 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 3 ಲೀಟರ್. ಟ್ರ್ಯಾಕಿನ ಮೇಲೆ ಚೆಲ್ಲಿದ ಎಣ್ಣೆ ಹಿಂದೆ ಬರುವವನ ಪ್ರಾಣಕ್ಕೆ ಕುತ್ತು.

ಗೌಂಡಿಯ ಪೈಪಿನ ಪರೀಕ್ಷೆ

ಮಾಡಿದ್ದು ಸರಿಯೋ ತಪ್ಪೋ ಅಂತ ತಿಳಿಯೋದು ಹೇಗೆ? ಗೌಂಡಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪ್ ಸಾಕು. ಅದನ್ನು ‘ಯು’ ಆಕಾರದಲ್ಲಿ ಎಂಜಿನ್ನಿಗಿಂತ ಕೆಳಗೆ ಇಳಿಬಿಟ್ಟು, ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಗಾಳಿಯಾಡದಂತೆ ಸಿಕ್ಕಿಸಬೇಕು, ಇನ್ನೊಂದನ್ನು ತೆರೆದಿಡಬೇಕು. ಪೈಪ್ ಉದ್ದವಾಗಿರಲಿ, ನೀರು ಎಂಜಿನ್ ಒಳಗೆ ಹೋಗಬಾರದು. ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿದ್ದಾಗ ತೆರೆದ ಕಡೆ ನೀರು ಇಳಿದರೆ ಒಳಗೆ ಎಳೆತ ಇದೆ, ಒಳ್ಳೆಯದು. ಏರಿದರೆ ಒತ್ತಡ ಇದೆ. ಎರಡೂ ಕಡೆಯ ನೀರಿನ ಮಟ್ಟದಲ್ಲಿ 10 ಸೆಂ.ಮೀ. ವ್ಯತ್ಯಾಸ ಅಂದ್ರೆ ಸುಮಾರು 0.01 ಬಾರ್. ಮಾರ್ಪಾಡಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿ. ಒತ್ತಡ ಹೆಚ್ಚಿದ್ದರೆ ನಿಮ್ಮ ಡಬ್ಬಿಯೋ ಹೋಸೋ ಉಸಿರು ಕಟ್ಟುತ್ತಿದೆ. ಟರ್ಬೊ ಒತ್ತಡದಲ್ಲಿ ಓಡುವಾಗ ನೋಡಲು ಮಾತ್ರ ಕ್ಯಾಬಿನ್ನಿನಲ್ಲಿ ಗೇಜ್ ಬೇಕು. ಹೊಸ ಸೀಲ್ ಹಾಕಿ ಡಬ್ಬಿ ಜೋಡಿಸಿದ ದಿನ ನಾವೂ ಪೈಪ್ ಹಿಡಿದೆವು. ತೆರೆದ ಕಡೆ ನೀರು ಎರಡು ಬೆರಳಷ್ಟು ಇಳಿಯಿತು. ಅಣ್ಣ ಆಮೇಲೇ ಬಾನೆಟ್ ಮುಚ್ಚಿದ.

ಚರ್ಚೆಯಿಂದ

ಗೋಷ್ಠಿಯಲ್ಲಿ ಪ್ರಾಧ್ಯಾಪಕರೊಬ್ಬರು ಕೇಳಿದರು: “ಇಷ್ಟೊಂದು ಇಂಗ್ಲಿಷ್ ಪದ ಉಳಿಸಿಕೊಂಡಿದ್ದೀರಲ್ಲ, ಕನ್ನಡದ ಪಾರಿಭಾಷಿಕ ಪದ ಟಂಕಿಸಬಹುದಿತ್ತಲ್ಲ?” ನನ್ನ ಉತ್ತರ ಇದು, ಸರ್. ಪಿಸ್ಟನ್, ವಾಲ್ವ್, ಹೋಸ್ ಇವನ್ನು ಮುಚ್ಚಂಡಿಯ ಗ್ಯಾರೇಜಿನಲ್ಲಿ ಯಾರೂ ಬೇರೆ ಭಾಷೆಯ ಪದ ಅಂತ ಎಣಿಸೋದಿಲ್ಲ. ಅವನ್ನು ಬದಲಿಸಿದರೆ ಅಣ್ಣನಿಗೆ ಇನ್ನೊಂದು ನಿಘಂಟು ಕೊಡಬೇಕಾಗುತ್ತದೆ. ಆದರೆ ಬ್ರೀದರ್ ಅನ್ನುವಲ್ಲಿ ಕನ್ನಡ ಬೇಕೇ ಬೇಕಿತ್ತು. ಆ ಇಂಗ್ಲಿಷ್ ಪದದೊಳಗೆ ಉಸಿರು ಇದೆ. ನಮ್ಮ ಕಿವಿಗೆ ಅದು ಬರೀ ಸದ್ದು. ‘ಉಸಿರು ಪೈಪ’ ಅಂತ ನಾನು ಆವತ್ತು ಹೇಳಿದ್ದರೆ ಅಣ್ಣ ಅದಕ್ಕೆ ಬೋಲ್ಟ್ ಹಾಕ್ತಿರಲಿಲ್ಲ. ಉಸಿರು ಕಟ್ಟಿದರೆ ಏನಾಗುತ್ತದೆ ಅಂತ ಯಾರಿಗೂ ವಿವರಿಸಬೇಕಾಗಿಲ್ಲ.

ವಸ್ತುವಿನ ಕೆಲಸವನ್ನೇ ಹೇಳುವ ಪದ ಎಲ್ಲಿ ಬೇಕೋ ಅಲ್ಲಿ ಕನ್ನಡ, ಗುರುತಿಸುವ ಹೆಸರಷ್ಟೇ ಸಾಕಾದಲ್ಲಿ ರೂಢಿಯ ಪದ. ತಾಂತ್ರಿಕ ಅನುವಾದಕ್ಕೆ ಈ ಗೆರೆ ಹಾಕಿಕೊಳ್ಳಬಹುದು ಅಂತ ನನಗೆ ಅನ್ನಿಸುತ್ತದೆ. ತಪ್ಪಿದ್ದರೆ ತಿದ್ದಬೇಕು.